ಶಕ್ತ್ಯನುಸಾರ ತಪ: ಇನ್ಸುಲಿನ್ ಪ್ರತಿರೋಧವೂ ಶ್ರಾವಕರ ಉಪವಾಸವೂ

ದೇವಪೂಜೆ, ಗುರೂಪಾಸ್ತಿ, ಸ್ವಾಧ್ಯಾಯ, ಸಂಯಮ, ತಪ, ದಾನ ಇವು ಶ್ರಾವಕನ ಷಟ್ಕರ್ಮಗಳು. ಇವುಗಳಲ್ಲಿ ತಪವನ್ನು ಬಾಹ್ಯ, ಆಭ್ಯಂತರ ಎಂದು ಎರಡಾಗಿ ವಿಂಗಡಿಸಿ, ಒಂದೊಂದಕ್ಕೂ ಆರಾರು ಭೇದಗಳನ್ನು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಹೇಳಿದ್ದಾರೆ. ಬಾಹ್ಯತಪದ ಆರು ಭೇದಗಳಲ್ಲಿ ಮೊದಲ ನಾಲ್ಕೂ ಆಹಾರಕ್ಕೆ ಸೇರಿದವು: ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ. ಇವುಗಳಲ್ಲಿ ಅನಶನವೊಂದೇ ಸಂಪೂರ್ಣ ಉಪವಾಸ. ಉಳಿದ ಮೂರು ಉಣ್ಣುತ್ತಲೇ ಮಾಡುವ ತಪಗಳು. ಈ ವಿಷಯವನ್ನು ಮೊದಲೇ ಮನಸ್ಸಿಗೆ ತಂದುಕೊಂಡರೆ ಮುಂದಿನ ವಿಚಾರ ಸುಲಭವಾಗುವುದು.

ಕಡೂರು ಸೀಮೆಗೆ ತಪಸ್ಸಿನ ಹೆಸರು ಹೊಸದಲ್ಲ. ಕ್ರಿ.ಶ. 971ರ ಕಡೂರಿನ ಶಾಸನವು ಬೂತುಗನ ಅಕ್ಕ ಪಾಂಬಬ್ಬೆಯನ್ನು ಸ್ಮರಿಸುತ್ತದೆ. ಅರಸು ಮನೆತನದ ಆ ಮಹಿಳೆ ಕೇಶಲೋಚ ಮಾಡಿಕೊಂಡು ಮೂವತ್ತು ವರ್ಷ ತಪವನ್ನಾಚರಿಸಿ ದೇಹವನ್ನು ಬಿಟ್ಟಳೆಂದು ಅದು ತಿಳಿಸುತ್ತದೆ. ಇಂತಹ ನೆಲದಲ್ಲಿ ಅಷ್ಟಮಿ, ಚತುರ್ದಶಿ, ದಶಲಕ್ಷಣ ಪರ್ವ, ನಂದೀಶ್ವರ ಅಷ್ಟಾಹ್ನಿಕಗಳ ಉಪವಾಸ ನಡೆದು ಬಂದಿರುವುದು ಸಹಜವೇ. ಆದರೆ ಇಂದು ಕಡೂರು, ತರೀಕೆರೆ, ಅಜ್ಜಂಪುರಗಳ ಶ್ರಾವಕರ ಮನೆಗಳಲ್ಲಿಯೂ, ನಾಡಿನ ಇತರ ಮನೆಗಳಲ್ಲಿರುವಂತೆ, ವ್ರತದ ಪಂಚಾಂಗದ ಪಕ್ಕದಲ್ಲಿಯೇ ಸಕ್ಕರೆ ಕಾಯಿಲೆಯ ಮಾತ್ರೆಯ ಪೊಟ್ಟಣವಿರುವುದು ಅಪರೂಪವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯ ಅಂದಾಜಿನಂತೆ, 2021ರಲ್ಲಿ ಭಾರತದಲ್ಲಿ 10.1 ಕೋಟಿ ಮಧುಮೇಹಿಗಳೂ, ಮಧುಮೇಹದ ಹೊಸ್ತಿಲಲ್ಲಿ ನಿಂತ 13.6 ಕೋಟಿ ಜನರೂ ಇದ್ದರು.

ಇಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಇಷ್ಟೊಂದು ಉಪವಾಸ ಮಾಡುವ ಮನೆಗೂ ಈ ರೋಗವೇಕೆ ಬಂದಿತು? ಬಂದ ಮೇಲೆ ಉಪವಾಸವನ್ನು ಮುಂದುವರಿಸಬಹುದೆ? ಇವೆರಡಕ್ಕೂ ಉತ್ತರ ಕಾಣಬೇಕಾದರೆ ಇನ್ಸುಲಿನ್ ಪ್ರತಿರೋಧವೆಂಬುದನ್ನು ಅರಿಯುವುದು ಅವಶ್ಯ.

ಇನ್ಸುಲಿನ್ ಪ್ರತಿರೋಧವೆಂದರೇನು?

ಉಂಡ ಅನ್ನ, ರಾಗಿ, ಬೆಲ್ಲಗಳಲ್ಲಿನ ಪಿಷ್ಟ ಹಾಗೂ ಸಕ್ಕರೆಯ ಬಹುಭಾಗ ಜೀರ್ಣವಾಗಿ ಗ್ಲೂಕೋಸ್ ಆಗಿ ರಕ್ತವನ್ನು ಸೇರುತ್ತದೆ. ಆಗ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ. ಇನ್ಸುಲಿನ್ನಿನ ಕಾರ್ಯ ಮುಖ್ಯವಾಗಿ ಮೂರು: ಸ್ನಾಯುಗಳು ಗ್ಲೂಕೋಸನ್ನು ಒಳಗೆ ತೆಗೆದುಕೊಳ್ಳುವಂತೆ ಮಾಡುವುದು, ಯಕೃತ್ತು ತನ್ನ ಸಂಗ್ರಹದಿಂದ ಸಕ್ಕರೆ ಬಿಡುವುದನ್ನು ತಡೆಯುವುದು, ಕೊಬ್ಬಿನ ಕೋಶಗಳಿಂದ ಕೊಬ್ಬು ಹೊರಬೀಳದಂತೆ ನೋಡಿಕೊಳ್ಳುವುದು.

ಸಖರಾಯಪಟ್ಟಣದ ಅಯ್ಯನಕೆರೆಯಂತಹ ದೊಡ್ಡ ಕೆರೆಯ ತೂಬನ್ನು ಇದಕ್ಕೆ ಉಪಮೆಯಾಗಿ ಹೇಳಬಹುದು. ತೂಬು ಸರಿಯಾಗಿದ್ದರೆ ಒಬ್ಬ ನೀರುಗಂಟಿ ಸಾಕು. ಬೇಕಾದಷ್ಟು ನೀರು ಗದ್ದೆಗೆ ಹೋಗುತ್ತದೆ. ತೂಬಿಗೆ ತುಕ್ಕು ಹಿಡಿದು ಹೂಳು ತುಂಬಿದರೆ ಅದೇ ಕೆಲಸಕ್ಕೆ ಇಬ್ಬರು, ನಾಲ್ವರು, ಎಂಟು ಜನ ಬೇಕಾಗುತ್ತಾರೆ. ಎಂಟು ಜನರು ದುಡಿಯುವವರೆಗೂ ಗದ್ದೆಗೆ ನೀರು ಹರಿಯುತ್ತಲೇ ಇರುವುದರಿಂದ ದೋಷ ಯಾರ ಕಣ್ಣಿಗೂ ಬೀಳದು. ಅವರು ದಣಿದು ಕುಳಿತ ದಿನ ಗದ್ದೆ ಒಣಗುತ್ತದೆ, ಕೆರೆ ಕೋಡಿ ಬೀಳುತ್ತದೆ. ಇನ್ಸುಲಿನ್ ಪ್ರತಿರೋಧವೂ ಹೀಗೆಯೇ. ಜೀವಕೋಶಗಳು ಇನ್ಸುಲಿನ್ನಿನ ಮಾತಿಗೆ ಕಿವಿಗೊಡುವುದು ಕಡಿಮೆಯಾದಂತೆ ಗ್ರಂಥಿಯು ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಹಲವು ವರ್ಷಗಳ ಕಾಲ ರಕ್ತಪರೀಕ್ಷೆಯಲ್ಲಿ ಸಕ್ಕರೆ ಸರಿಯಾಗಿಯೇ ಕಾಣುತ್ತದೆ. ಕಡೆಗೆ ಗ್ರಂಥಿಯ ಶಕ್ತಿ ಕುಂದಿದಾಗ ಮಧುಮೇಹ ಪ್ರಕಟವಾಗುತ್ತದೆ.

ಈ ತಿಳಿವಳಿಕೆ ಒಂದೇ ದಿನದಲ್ಲಿ ಬಂದುದಲ್ಲ. 1921ರಲ್ಲಿ ಕೆನಡದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನನ್ನು ಬೇರ್ಪಡಿಸಿದರು. 1936ರಲ್ಲಿ ಇಂಗ್ಲೆಂಡಿನ ಹಿಮ್ಸ್‌ವರ್ತ್ ಎಂಬ ವೈದ್ಯರು, ಮಧುಮೇಹಿಗಳಲ್ಲಿ ಇನ್ಸುಲಿನ್ ಇಲ್ಲದವರು ಒಂದು ಬಗೆ, ಇನ್ಸುಲಿನ್ನಿಗೆ ಮಣಿಯದ ದೇಹದವರು ಇನ್ನೊಂದು ಬಗೆ ಎಂದು ತೋರಿಸಿದರು. 1988ರಲ್ಲಿ ಅಮೆರಿಕದ ರೀವನ್ ಅವರು ಅಧಿಕ ರಕ್ತದೊತ್ತಡ, ರಕ್ತದಲ್ಲಿನ ಕೊಬ್ಬಿನ ದೋಷ, ಸಕ್ಕರೆಯ ಏರಿಕೆ ಇವೆಲ್ಲಕ್ಕೂ ಇನ್ಸುಲಿನ್ ಪ್ರತಿರೋಧವು ಸಮಾನ ಮೂಲವೆಂದು ಪ್ರತಿಪಾದಿಸಿದರು.

ಕಾರಣಗಳು ಮತ್ತು ಗುರುತುಗಳು

ತೂಬಿಗೆ ಹಿಡಿಯುವ ತುಕ್ಕು ಯಾವುದು? ತೊಗಲಿನ ಕೆಳಗೆ ಇರಬೇಕಾದ ಕೊಬ್ಬು ಯಕೃತ್ತು, ಸ್ನಾಯು, ಹೊಟ್ಟೆಯ ಒಳಭಾಗಗಳಲ್ಲಿ ಸೇರಿಕೊಳ್ಳುವುದು ಮುಖ್ಯ ಕಾರಣ. ಅದರೊಡನೆ ದುಡಿಮೆಯಿಲ್ಲದ ಬದುಕು, ನಿದ್ರೆಯ ಕೊರತೆ, ವಂಶಪಾರಂಪರ್ಯ ಸೇರುತ್ತವೆ. ಭಾರತೀಯರಿಗೆ ಇನ್ನೊಂದು ವಿಶೇಷವುಂಟು. ಪುಣೆಯ ಡಾ. ಚಿತ್ತರಂಜನ ಯಾಜ್ಞಿಕರ ಅಧ್ಯಯನಗಳಲ್ಲಿ, ಭಾರತೀಯ ಶಿಶುಗಳು ಇಂಗ್ಲೆಂಡಿನ ಶಿಶುಗಳಿಗಿಂತ ತೂಕದಲ್ಲಿ ಕಡಿಮೆಯಿದ್ದರೂ ಮೈಯ ಕೊಬ್ಬಿನಲ್ಲಿ ಅಷ್ಟಾಗಿ ಕಡಿಮೆಯಿಲ್ಲವೆಂದು ಕಂಡುಬಂದಿತು. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1934ರಿಂದ ಬರೆದಿಟ್ಟ ಹೆರಿಗೆಯ ದಾಖಲೆಗಳನ್ನು ಆಧರಿಸಿ 1998ರಲ್ಲಿ ಪ್ರಕಟವಾದ ಅಧ್ಯಯನವು, ಜನನಕಾಲದ ದೇಹದ ಅಳತೆಗೂ ತಾಯಿಯ ತೂಕಕ್ಕೂ ಮಗುವಿಗೆ ಮುಂದೆ ಬರುವ ಮಧುಮೇಹಕ್ಕೂ ಸಂಬಂಧವಿದೆಯೆಂದು ತೋರಿಸಿತು. ಆದುದರಿಂದ ತೆಳ್ಳಗೆ ಕಾಣುವವನಿಗೆ ಈ ರೋಗ ಬಾರದೆಂದು ತಿಳಿಯಲಾಗದು.

ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಿದ್ದರೆ ಎಚ್ಚರ ವಹಿಸಬೇಕು. ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ದಪ್ಪವಾಗುವುದು, ಯಕೃತ್ತಿನಲ್ಲಿ ಕೊಬ್ಬು, ರಕ್ತದಲ್ಲಿ ಟ್ರೈಗ್ಲಿಸರೈಡ್ ಹೆಚ್ಚಿರುವುದು, ಯುವತಿಯರಲ್ಲಿ ಮುಟ್ಟಿನ ಕ್ರಮ ತಪ್ಪುವುದು ಇವೂ ಸೂಚನೆಗಳಾಗಬಹುದು. ಬೆಳಗಿನ ಖಾಲಿ ಹೊಟ್ಟೆಯ ರಕ್ತದ ಸಕ್ಕರೆ 100ರಿಂದ 125 ಮಿಲಿಗ್ರಾಂ ಇದ್ದರೆ ಅದು ಮಧುಮೇಹದ ಹೊಸ್ತಿಲು. 126 ಅಥವಾ ಹೆಚ್ಚಿದ್ದು, ಮತ್ತೊಮ್ಮೆ ಪರೀಕ್ಷಿಸಿದಾಗಲೂ ಹಾಗೆಯೇ ಇದ್ದರೆ ಮಧುಮೇಹ. ಮೂವತ್ತು ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ರಕ್ತದೊತ್ತಡ ಮತ್ತು ಸಕ್ಕರೆಯ ತಪಾಸಣೆ ನಡೆಯುತ್ತದೆ. ದೀರ್ಘ ವ್ರತವನ್ನು ಕೈಕೊಳ್ಳುವ ಮುನ್ನ ಈ ಪರೀಕ್ಷೆ ಮಾಡಿಸಿಕೊಳ್ಳುವುದು ವಿವೇಕ.

ಉಪವಾಸವಿದ್ದ ಮನೆಗೆ ರೋಗವೇಕೆ?

ಒಬ್ಬ ಗೃಹಸ್ಥನನ್ನು ಊಹಿಸಿಕೊಳ್ಳೋಣ. ಅವನ ಅಜ್ಜ ಕಡೂರಿನ ಬಯಲಿನಲ್ಲಿ ನೇಗಿಲು ಹಿಡಿದು ದಿನವಿಡೀ ದುಡಿದು ಎರಡು ಮುದ್ದೆ ಉಣ್ಣುತ್ತಿದ್ದನು. ಮೊಮ್ಮಗನು ಅಂಗಡಿಯ ಗಾದಿಯ ಮೇಲೆ ಕುಳಿತು ಅದೇ ಎರಡು ಮುದ್ದೆ ಉಣ್ಣುತ್ತಾನೆ. ಬಸದಿಗೂ ವಾಹನದಲ್ಲಿಯೇ ಹೋಗುತ್ತಾನೆ. ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸವುಂಟು. ಆದರೆ ಸಪ್ತಮಿಯ ಒಪ್ಪೊತ್ತಿನಲ್ಲಿ ನಾಳೆಗೂ ಸೇರಿಸಿ ಉಣ್ಣುವುದು, ಪಾರಣೆಗೆ ಹೋಳಿಗೆ ಪಾಯಸ ಮಾಡುವುದು ರೂಢಿಯಾಗಿದೆ. ತಿಂಗಳಿಗೆ ನಾಲ್ಕು ದಿನ ಅನಶನವಿದ್ದು, ಉಳಿದ ಇಪ್ಪತ್ತಾರು ದಿನ ಅವಮೌದರ್ಯವಿಲ್ಲದಿದ್ದರೆ ದೇಹದ ಲೆಕ್ಕ ಸರಿಹೋಗದು. ದಿನಕ್ಕೆ ಐದು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಸಕ್ಕರೆಯೆಂದು ಎಣಿಸಿದರೂ, ಚಮಚಕ್ಕೆ ಸುಮಾರು 4 ಗ್ರಾಂನಂತೆ 40 ಗ್ರಾಂ ಆಗುತ್ತದೆ. ಬೆರೆಸಿದ ಸಕ್ಕರೆಯು ದಿನಕ್ಕೆ ಸುಮಾರು 25 ಗ್ರಾಂ ಮೀರದಿದ್ದರೆ ಲೇಸೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿದೆ. ಬೆಲ್ಲವಾದರೆ ದೋಷವಿಲ್ಲವೆಂಬ ನಂಬಿಕೆಗೂ ಆಧಾರವಿಲ್ಲ. ರಕ್ತದಲ್ಲಿ ಎರಡೂ ಒಂದೇ.

ಉಪವಾಸದ ಕಾಲದಲ್ಲಿ ನಡೆಯುವುದೇನು?

ಆರೋಗ್ಯವಂತನು ಉಪವಾಸ ಕೈಕೊಂಡಾಗ ಮೊದಲು ಯಕೃತ್ತಿನಲ್ಲಿ ಸಂಗ್ರಹವಾಗಿರುವ ಸುಮಾರು 100 ಗ್ರಾಂ ಸಕ್ಕರೆಯ ನಿಧಿ ಖರ್ಚಾಗುತ್ತದೆ. ಅದು ಸುಮಾರು ಒಂದು ಹಗಲು ರಾತ್ರಿಗೆ ಸಾಲುತ್ತದೆ. ಇನ್ಸುಲಿನ್ ಇಳಿಯುತ್ತದೆ, ಕೊಬ್ಬು ಕರಗಿ ಇಂಧನವಾಗುತ್ತದೆ, ಯಕೃತ್ತು ಆ ಕೊಬ್ಬಿನಿಂದ ಕೀಟೋನ್ ಎಂಬ ಪದಾರ್ಥವನ್ನು ಮಾಡಿ ಮೆದುಳಿಗೂ ಒದಗಿಸುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಚತುರ್ವಿಧಾಹಾರದ ತ್ಯಾಗವನ್ನು ಉಪವಾಸವೆಂದೂ, ಒಮ್ಮೆ ಉಣ್ಣುವುದನ್ನು ಪ್ರೋಷಧವೆಂದೂ ವಿವರಿಸಿದ್ದಾರೆ. ಸಪ್ತಮಿಯ ಮಧ್ಯಾಹ್ನದಿಂದ ನವಮಿಯ ಮಧ್ಯಾಹ್ನದವರೆಗೆ ಹದಿನಾರು ಪ್ರಹರ, ಎಂದರೆ 48 ಗಂಟೆಗಳ ಈ ಪ್ರೋಷಧೋಪವಾಸವನ್ನು ಆರೋಗ್ಯವಂತ ದೇಹವು ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ.

ಆದರೆ ಒಂದು ಸೂಕ್ಷ್ಮವಿದೆ. ಎರಡು ಮೂರು ದಿನಗಳ ಉಪವಾಸದ ಬಳಿಕ, ಮೆದುಳಿಗಾಗಿ ಸಕ್ಕರೆಯನ್ನು ಉಳಿಸಲೆಂದು ಸ್ನಾಯುಗಳು ತಾತ್ಕಾಲಿಕವಾಗಿ ಗ್ಲೂಕೋಸನ್ನು ಸ್ವೀಕರಿಸುವುದು ಕಡಿಮೆಯಾಗುತ್ತದೆ. ಆ ಹೊತ್ತಿನಲ್ಲಿ ಸಿಹಿ ಪಾರಣೆ ಮಾಡಿದರೆ ರಕ್ತದ ಸಕ್ಕರೆ ಎಂದಿಗಿಂತ ಹೆಚ್ಚು ಏರುತ್ತದೆ. ಅಷ್ಟಾಹ್ನಿಕದಂತಹ ದೀರ್ಘ ಉಪವಾಸದ ಅನಂತರ ಒಮ್ಮೆಲೇ ತುಂಬ ಉಂಡರೆ ರಕ್ತದಲ್ಲಿನ ಪೊಟ್ಯಾಸಿಯಂ, ರಂಜಕಗಳು ಕುಸಿದು ಹೃದಯಕ್ಕೆ ಅಪಾಯವೂ ಉಂಟು. ಆದುದರಿಂದ ಪಾರಣೆಯು ವ್ರತದ ಅಂಗವೇ ಎಂದು ಭಾವಿಸಿ, ತೆಳುವಾದ ಹೆಸರುಬೇಳೆಯ ಕಟ್ಟು, ಮೆತ್ತಗೆ ಬೇಯಿಸಿದ ಅನ್ನ, ಬೆಂದ ಸೋರೆ ಅಥವಾ ಪಡವಲಕಾಯಿ ಇವುಗಳಿಂದ ಮಿತವಾಗಿ ಆರಂಭಿಸತಕ್ಕದ್ದು.

ಹಗಲೂಟದ ನಿಯಮ

ರಾತ್ರಿಭೋಜನತ್ಯಾಗಕ್ಕೆ ಧರ್ಮದಲ್ಲಿ ಹೇಳಿರುವ ಕಾರಣ ಅಹಿಂಸೆ. ಸೂರ್ಯೋದಯದ ಬಳಿಕ ಎರಡು ಘಳಿಗೆ, ಸೂರ್ಯಾಸ್ತಕ್ಕೆ ಮುನ್ನ ಎರಡು ಘಳಿಗೆ ಬಿಟ್ಟು ಉಣ್ಣುವ ಕ್ರಮವನ್ನು ಪಾಲಿಸಿದರೆ, ಹಗಲಿರುಳು ಸಮವಾಗಿರುವ ದಿನಗಳಲ್ಲಿ ಹದಿಮೂರೂವರೆ ಗಂಟೆಗಳ ಕಾಲ ಜಠರಕ್ಕೆ ವಿಶ್ರಾಂತಿ ದೊರೆಯುತ್ತದೆ. ಸಂಜೆ ಕಳೆದಂತೆ ಸಕ್ಕರೆಯನ್ನು ನಿಭಾಯಿಸುವ ದೇಹದ ಶಕ್ತಿ ತಗ್ಗುತ್ತದೆಂಬುದು ಈಗ ತಿಳಿದ ಸಂಗತಿ. 2018ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಮಧುಮೇಹದ ಹೊಸ್ತಿಲಲ್ಲಿದ್ದ ಗಂಡಸರು ಐದು ವಾರ ಮಧ್ಯಾಹ್ನ ಮೂರು ಗಂಟೆಯ ಒಳಗೆ ದಿನದ ಊಟವನ್ನೆಲ್ಲ ಮುಗಿಸಿದರು. ತೂಕ ಇಳಿಯದಿದ್ದರೂ ಅವರ ಇನ್ಸುಲಿನ್ ಪ್ರತಿರೋಧ ಕಡಿಮೆಯಾಯಿತು. ಅದರಲ್ಲಿ ಭಾಗವಹಿಸಿದವರು ಎಂಟೇ ಜನರೆಂಬುದನ್ನು ಮರೆಯಬಾರದು. ಚೀನಾದಲ್ಲಿ 139 ಜನರ ಮೇಲೆ ಒಂದು ವರ್ಷ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆಹಾರದ ಪ್ರಮಾಣವನ್ನು ತಗ್ಗಿಸಿದವರಿಗೆ ಹೊತ್ತಿನ ನಿಯಮದಿಂದ ತೂಕದಲ್ಲಿ ಗಣನೀಯವಾದ ಹೆಚ್ಚಿನ ಲಾಭವಾಗಲಿಲ್ಲ. ಹಗಲೂಟವು ಸಹಕಾರಿ, ಆದರೆ ಮಿತಾಹಾರಕ್ಕೆ ಅದು ಬದಲಿಯಲ್ಲ ಎಂಬುದು ಇವೆರಡರ ತಾತ್ಪರ್ಯ.

ಅವಮೌದರ್ಯ ಮತ್ತು ರಸಪರಿತ್ಯಾಗ

ಇನ್ಸುಲಿನ್ ಪ್ರತಿರೋಧಕ್ಕೆ ಅತ್ಯಂತ ಹತ್ತಿರದ ಔಷಧವೆಂದರೆ ಹಸಿವಿಗಿಂತ ಕಡಿಮೆ ಉಣ್ಣುವ ಅವಮೌದರ್ಯವೇ. ಎರಡು ಮುದ್ದೆಯ ಬದಲು ಒಂದು ಸಣ್ಣ ಮುದ್ದೆ; ಆ ಸ್ಥಳದಲ್ಲಿ ಹೆಸರು, ಹುರುಳಿ, ಅವರೆಗಳ ಸಾರು ಹಾಗೂ ತರಕಾರಿಯ ಪಲ್ಯ. ರಾಗಿಯು ಪುಷ್ಟಿಕರವಾದರೂ ಅದರಲ್ಲಿಯೂ ಪಿಷ್ಟವೇ ಪ್ರಧಾನ. ನುಣುಪಾದ ಹಿಟ್ಟಿನ ಗಂಜಿಯಾಗಿ ಕುಡಿದರೆ ಸಕ್ಕರೆ ಬೇಗ ಏರುತ್ತದೆ. ತರೀಕೆರೆಯ ನೀರಾವರಿ ಸೀಮೆಯಲ್ಲಿ ಅಕ್ಕಿಯೇ ಮುಖ್ಯವಾದ ಮನೆಗಳಿಗೂ ಇದೇ ಮಾತು; ಪಾಲಿಶ್ ಮಾಡದ ಅಕ್ಕಿ ಮೇಲು, ಪ್ರಮಾಣ ಮಿತವಾಗಿರಬೇಕು. ದ್ವಿದಳದ ಮರ್ಯಾದೆಯುಳ್ಳವರು ಬೇಳೆಯೊಡನೆ ಮೊಸರು ಮಜ್ಜಿಗೆಗಳನ್ನು ಬೆರೆಸದೆ ಬೇರೆ ಹೊತ್ತಿನಲ್ಲಿ ಸ್ವೀಕರಿಸಬಹುದು. ಆಲೂಗಡ್ಡೆಯೇ ಮೊದಲಾದ ಕಂದಮೂಲಗಳ ತ್ಯಾಗ ಮೊದಲೇ ಇರುವುದರಿಂದ ಪಿಷ್ಟದ ಒಂದು ಬಾಗಿಲು ಜೈನರ ಅಡುಗೆಮನೆಯಲ್ಲಿ ಮುಚ್ಚಿಯೇ ಇದೆ. ಬಾಳೆಕಾಯಿಯ ಚಿಪ್ಸು, ಕರಿದ ತಿಂಡಿಗಳಿಂದ ಅದನ್ನು ಮತ್ತೆ ತೆರೆಯಬಾರದು.

ಹಾಲು, ಮೊಸರು, ತುಪ್ಪ, ಎಣ್ಣೆ, ಸಕ್ಕರೆ, ಉಪ್ಪು ಇವು ಆರು ರಸಗಳು. ದಿನಕ್ಕೊಂದು ರಸವನ್ನು ಬಿಡುವ ಕ್ರಮ ಹಲವು ಮನೆಗಳಲ್ಲಿ ಉಂಟು. ಸಕ್ಕರೆಯ ತೊಂದರೆಯುಳ್ಳವನು ಸಕ್ಕರೆ ಬೆಲ್ಲಗಳನ್ನು ಒಂದು ವರ್ಷದ ಅವಧಿಗೆ ಬಿಡುವ ನಿಯಮವನ್ನೋ, ಜೀವನಪರ್ಯಂತ ಬಿಡುವ ಯಮವನ್ನೋ ಕೈಕೊಂಡರೆ ವ್ರತವೂ ಆಯಿತು, ಚಿಕಿತ್ಸೆಯೂ ಆಯಿತು. ಆದರೆ ಸಕ್ಕರೆ ಕುಸಿದಾಗ ಔಷಧವಾಗಿ ಅದನ್ನು ತೆಗೆದುಕೊಳ್ಳುವ ಅವಕಾಶವನ್ನು ನಿಯಮ ಸ್ವೀಕರಿಸುವಾಗಲೇ ಸ್ಪಷ್ಟವಾಗಿ ಹೇಳಿ ಇಟ್ಟುಕೊಳ್ಳಬೇಕು.

ಇದರೊಡನೆ ನಡಿಗೆ ಸೇರಬೇಕು. ದುಡಿಯುವ ಸ್ನಾಯುವು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆಯೂ ಗ್ಲೂಕೋಸನ್ನು ಸೆಳೆದುಕೊಳ್ಳುತ್ತದೆ. ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಚೆನ್ನೈಯಲ್ಲಿ 531 ಜನರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಹಾರದ ಮಿತಿ ಹಾಗೂ ನಿತ್ಯದ ನಡಿಗೆಯಿಂದ ಮಧುಮೇಹಕ್ಕೆ ತಿರುಗುವ ಸಂಭವ ಶೇಕಡ 28.5ರಷ್ಟು ಕಡಿಮೆಯಾಯಿತು. ಸೂರ್ಯಾಸ್ತದ ಮುನ್ನ ಉಣ್ಣುವ ಮನೆಯವರಿಗೆ ಉಂಡ ಬಳಿಕ ಬೆಳಕಿರುವಾಗಲೇ, ನೆಲ ನೋಡಿ ಹೆಜ್ಜೆಯಿಡುತ್ತ ನಡೆಯುವ ಅನುಕೂಲವೂ ಉಂಟು.

ಔಷಧ ಸೇವಿಸುವವರು ಅರಿಯಬೇಕಾದುದು

ಇದು ಈ ಪಾಠದ ಅತ್ಯಂತ ಮುಖ್ಯ ಭಾಗ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್ ಮಾತ್ರೆಗಳನ್ನೂ ಇನ್ಸುಲಿನ್ ಚುಚ್ಚುಮದ್ದನ್ನೂ ತೆಗೆದುಕೊಂಡು ಉಣ್ಣದೆ ಇದ್ದರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಬೆವರು, ನಡುಕ, ಎದೆಬಡಿತ, ಮಾತು ತೊದಲುವುದು, ಮಂಕು ಇವು ಅದರ ಲಕ್ಷಣಗಳು. ಮನೆಯವರು ಇದನ್ನು ಉಪವಾಸದ ಆಯಾಸವೆಂದೋ, ಧ್ಯಾನದ ಮೌನವೆಂದೋ ತಿಳಿದು ಮಲಗಲು ಬಿಟ್ಟರೆ ಪ್ರಾಣಕ್ಕೇ ಸಂಚಕಾರ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳವರು ಉಪವಾಸವಿದ್ದರೆ ರಕ್ತವು ಆಮ್ಲೀಯವಾಗುವ ಬೇರೆ ಅಪಾಯವಿದೆ. ಮೆಟ್‌ಫಾರ್ಮಿನ್ ಒಂದನ್ನೇ ಸೇವಿಸುವವರಲ್ಲಿ ಕುಸಿತ ವಿರಳ. ಯಾವ ಔಷಧವನ್ನೂ ತಾವಾಗಿಯೇ ನಿಲ್ಲಿಸಲಾಗದು. ಪರ್ವಕ್ಕೆ ಕೆಲವು ವಾರ ಮುಂಚೆಯೇ ವೈದ್ಯರನ್ನು ಕಂಡು ಪ್ರಮಾಣವನ್ನೂ ಹೊತ್ತನ್ನೂ ಬದಲಿಸಿಕೊಳ್ಳಬೇಕು.

ಬಾಲ್ಯದಿಂದಲೇ ಇನ್ಸುಲಿನ್ ಅಗತ್ಯವಾದವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮೂತ್ರಪಿಂಡದ ರೋಗಿಗಳು, ಹಿಂದೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಿದವರು ನಿರ್ಜಲ ಉಪವಾಸಕ್ಕೆ ತೊಡಗಬಾರದು. ವೈದ್ಯರ ಒಪ್ಪಿಗೆಯಿಂದ ಉಪವಾಸ ಮಾಡುವ ಮಧುಮೇಹಿಯು ಹಗಲಿನಲ್ಲಿ ಹಲವು ಬಾರಿ ರಕ್ತದ ಸಕ್ಕರೆಯನ್ನು ನೋಡಿಕೊಳ್ಳಬೇಕು. ಅದು 70ಕ್ಕಿಂತ ಕೆಳಗಿಳಿದರೆ ಹಗಲಿರಲಿ ಇರುಳಿರಲಿ ಸುಮಾರು 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, ಹದಿನೈದು ನಿಮಿಷದ ಮೇಲೆ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಇದರಿಂದ ವ್ರತಭಂಗವಾಗದೆ ಎಂದು ಹಿರಿಯರು ಕೊರಗುವುದುಂಟು. ಇಲ್ಲಿ ಶಾಸ್ತ್ರವೇ ದಾರಿ ತೋರಿದೆ. ಷೋಡಶ ಭಾವನೆಗಳಲ್ಲಿ ಎಣಿಸಿರುವುದು ಬರಿಯ ತಪವನ್ನಲ್ಲ, ಶಕ್ತಿಗೆ ತಕ್ಕ ತಪವನ್ನು. ವಸುನಂದಿ ಶ್ರಾವಕಾಚಾರವು ಪ್ರೋಷಧದಲ್ಲಿ ಉತ್ತಮ, ಮಧ್ಯಮ, ಜಘನ್ಯವೆಂಬ ಮೂರು ಮೆಟ್ಟಿಲುಗಳನ್ನು ಹೇಳಿ, ಮಧ್ಯಮದಲ್ಲಿ ನೀರಿಗೂ ಜಘನ್ಯದಲ್ಲಿ ಒಪ್ಪೊತ್ತಿನ ಊಟಕ್ಕೂ ಅವಕಾಶ ಕೊಟ್ಟಿದೆ. ರೋಗಿಯು ಗುರುಗಳಲ್ಲಿ ತನ್ನ ಸ್ಥಿತಿಯನ್ನು ನಿವೇದಿಸಿ ತನಗೆ ತಕ್ಕ ಮೆಟ್ಟಿಲನ್ನು ಆರಿಸಿಕೊಳ್ಳಲಿ. ತೆಗೆದುಕೊಂಡ ವ್ರತದಲ್ಲಿ ಲೋಪ ಬಂದರೆ ಪ್ರಾಯಶ್ಚಿತ್ತವುಂಟು. ಅದು ಆಭ್ಯಂತರ ತಪಗಳಲ್ಲಿ ಮೊದಲನೆಯದು. ವಿನಯ, ವೈಯಾವೃತ್ತ್ಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನಗಳಿಗೆ ರಕ್ತದ ಸಕ್ಕರೆಯ ಅಡ್ಡಿಯಿಲ್ಲ. ಉಪವಾಸವಿದ್ದ ತಾಯಿಯ ಪಕ್ಕದಲ್ಲಿ ರಾತ್ರಿ ಎಚ್ಚರವಿದ್ದು ನೋಡಿಕೊಳ್ಳುವ ಸೊಸೆಯ ಸೇವೆಯೂ ಶ್ರಾವಕರ ಪಾಲಿಗೆ ವೈಯಾವೃತ್ತ್ಯವೇ. ಚಿಕಿತ್ಸೆಯಿಂದ ನಿಭಾಯಿಸಬಹುದಾದ ರೋಗದಲ್ಲಿ ಮದ್ದನ್ನು ಬಿಟ್ಟು ಸಾವನ್ನು ತಂದುಕೊಳ್ಳುವುದು ಸಲ್ಲೇಖನವಲ್ಲ. ಪರಿಹಾರವಿಲ್ಲದ ಸ್ಥಿತಿಯಲ್ಲಿ ಮಾತ್ರ ಅದಕ್ಕೆ ಸ್ಥಾನ.

ನಿದಾನವೆಂಬ ಶಲ್ಯ

ಮಾಯಾ, ಮಿಥ್ಯಾ, ನಿದಾನ ಇವು ಮೂರು ಶಲ್ಯಗಳು. ಫಲವನ್ನು ಬಯಸಿ ತಪಗೈಯುವುದು ನಿದಾನ. ಹಾಗಾದರೆ ಸಕ್ಕರೆ ಇಳಿಯಲೆಂದು ಉಪವಾಸ ಮಾಡುವುದು ದೋಷವಲ್ಲವೆ? ರೈತನು ರಾಗಿಯನ್ನು ಬಿತ್ತುವುದು ತೆನೆಗಾಗಿ. ಹುಲ್ಲು ತಾನಾಗಿ ದೊರೆತು ದನಗಳಿಗಾಗುತ್ತದೆ. ಹುಲ್ಲಿಗಾಗಿಯೇ ಬಿತ್ತಿ ತೆನೆಯನ್ನು ಮರೆತವನು ಅವಿವೇಕಿ. ಬಂದ ಹುಲ್ಲನ್ನು ಬೇಡವೆಂದು ಸುಡುವವನೂ ಅವಿವೇಕಿಯೇ. ವ್ರತದ ಗುರಿ ಕರ್ಮನಿರ್ಜರೆ. ಆರೋಗ್ಯವು ಜೊತೆಗೆ ಬರುವ ಫಲ. ಆ ಆರೋಗ್ಯದಿಂದ ಪೂಜೆ, ಸ್ವಾಧ್ಯಾಯ, ದಾನಗಳು ಇನ್ನಷ್ಟು ಕಾಲ ನಡೆಯುವುದಾದರೆ ದೇಹವು ಧರ್ಮಸಾಧನವಾಗಿಯೇ ಉಳಿಯಿತು. ತೂಕ ಇಳಿಸುವುದೊಂದೇ ಉದ್ದೇಶವಾದರೆ ಅದನ್ನು ಪಥ್ಯವೆಂದು ಕರೆಯಲಿ. ಪಥ್ಯದಲ್ಲಿ ತಪ್ಪಿಲ್ಲ, ಆದರೆ ಅದು ಪ್ರೋಷಧವಲ್ಲ.

ಸ್ವಾಧ್ಯಾಯಕ್ಕೆ ಪ್ರಶ್ನೆಗಳು

1. ಬಾಹ್ಯತಪಗಳಲ್ಲಿ ಉಣ್ಣುತ್ತಲೇ ಆಚರಿಸುವವು ಯಾವುವು? ಮನೆಯಲ್ಲಿ ಅವು ದಿನನಿತ್ಯ ನಡೆಯುತ್ತಿವೆಯೆ?

2. ರಕ್ತದ ಸಕ್ಕರೆ ಸರಿಯಾಗಿ ಕಾಣುತ್ತಿದ್ದರೂ ಇನ್ಸುಲಿನ್ ಪ್ರತಿರೋಧ ಹೇಗೆ ಇರಬಲ್ಲದು?

3. ದೀರ್ಘ ಉಪವಾಸದ ಪಾರಣೆಗೆ ಸಿಹಿ ಏಕೆ ತಕ್ಕುದಲ್ಲ?

4. ಮನೆಯಲ್ಲಿ ಔಷಧ ಸೇವಿಸುತ್ತಿರುವ ಹಿರಿಯರ ಮಾತ್ರೆಯ ಹೆಸರೇನು? ಮುಂದಿನ ಪರ್ವಕ್ಕೆ ಮುನ್ನ ವೈದ್ಯರೊಡನೆ ಮಾತನಾಡಿದ್ದಾಯಿತೆ?

5. ಪ್ರೋಷಧದ ಮೂರು ಮೆಟ್ಟಿಲುಗಳಲ್ಲಿ ಮನೆಯ ಒಬ್ಬೊಬ್ಬರ ಶಕ್ತಿಗೆ ತಕ್ಕುದು ಯಾವುದು?